ಅಕ್ಕನಿಗೆ ಕೊಟ್ಟ ಹಳೆಯ ರೂಟರ್

ನಮ್ಮ ಮನೆತನದಲ್ಲಿ ವಸ್ತುಗಳು ಸಾಯುವುದಿಲ್ಲ, ವರ್ಗವಾಗುತ್ತವೆ ಅಷ್ಟೆ. ಬೀದರಿನ ನನ್ನ ಮನೆಯಲ್ಲಿ ಹಳೆಯದಾದದ್ದು ಭಾಲ್ಕಿಯ ಅಕ್ಕನಿಗೆ. ಅಲ್ಲಿ ಸಾಕಾದದ್ದು ಔರಾದಿನಲ್ಲಿರುವ ಅವಳ ನಾದಿನಿಗೆ. ಔರಾದಿಗೆ ರೈಲಿಲ್ಲ, ಆದ್ದರಿಂದ ಮಿಕ್ಸರು, ಟೇಬಲ್ ಫ್ಯಾನುಗಳೆಲ್ಲ ಬಸ್ಸಿನಲ್ಲಿ ಯಾರದೋ ತೊಡೆಯ ಮೇಲೆ ಕೂತು ಹೋಗಿವೆ. ಮೇಷ್ಟ್ರಾಗಿ ನಾನೂ ಊರೂರು ವರ್ಗವಾದವನು; ಇದರಲ್ಲಿ ನನಗೆ ತಪ್ಪೇನೂ ಕಂಡಿರಲಿಲ್ಲ.

ಹೋದ ವರ್ಷ ಇಂಟರ್‌ನೆಟ್ ರಿಪೇರಿಯವನು ಬಂದು ನನ್ನ ರೂಟರನ್ನು ತಿರುಗಿಸಿ ನೋಡಿದ. "ಸರ, ಇದಕ್ಕ ಕಂಪನಿಯವ್ರು ಅಪ್‌ಡೇಟ್ ಕೊಡೋದು ಬಂದ್ ಮಾಡ್ಯಾರ್ರಿ. ಕಳ್ಳರಿಗೆ ಇದರ ತೂತೆಲ್ಲಾ ಗೊತ್ತವ. ಬದಲ್ ಮಾಡ್ರಿ" ಎಂದ. ಹೊಸದು ಕೊಂಡೆ. ಹಳೆಯದರ ಹಸಿರು ದೀಪ ಮಾತ್ರ ಇನ್ನೂ ಚೆನ್ನಾಗಿ ಉರಿಯುತ್ತಿತ್ತು. ಅದನ್ನು ಎಸೆಯಲು ಮನಸ್ಸು ಬರಲಿಲ್ಲ. ಒರೆಸಿ, ಭಾಲ್ಕಿಗೆ ಒಯ್ದು, ನಾನೇ ಜೋಡಿಸಿಕೊಟ್ಟೆ. ಕಳ್ಳರ ಸುದ್ದಿ ಅಕ್ಕನಿಗೆ ಹೇಳಲಿಲ್ಲ. ನರ್ಸ್ ಕೆಲಸದಿಂದ ನಿವೃತ್ತಳಾಗಿ ಒಬ್ಬಳೇ ಇರುವವಳು, ಅವಳಲ್ಲಿ ಕದಿಯಲು ಏನಿದೆ ಎಂದುಕೊಂಡೆ.

ತೀರಿಕೊಂಡ ಬಾವನವರ ದನಿ ಇತ್ತು. ಚರ್ಚಿಗಾಗಿ ಮನೆಯಲ್ಲಿ ಅಭ್ಯಾಸ ಮಾಡುವಾಗ ಅವಳು ಫೋನಿನಲ್ಲಿ ಹಿಡಿದಿಟ್ಟ ಅವರ ಕೀರ್ತನೆಗಳು, ನಡುನಡುವೆ ಅವರ ಕೆಮ್ಮು, ಒಂದರಲ್ಲಿ "ಹಾಲು ಉಕ್ಕಲತ್ತದ ನೋಡು" ಎಂದು ಅವಳನ್ನು ಕೂಗಿದ್ದು. ಫೋನ್ ಕೆಟ್ಟರೂ ಉಳಿಯಲಿ ಎಂದು ಎಲ್ಲವನ್ನೂ ಈಮೇಲ್ ಖಾತೆಯೊಳಗೆ ಇಟ್ಟುಕೊಂಡಿದ್ದಳು. ಆ ಫೋನ್ ಕೆಟ್ಟು ಹೋದ ಮೇಲೆ ಅವು ಉಳಿದದ್ದು ಅಲ್ಲಿ ಮಾತ್ರ.

ರೂಟರ್ ಎಂದರೆ ದಾರಿ ತೋರಿಸುವವನು. ಕಳ್ಳರು ಅವನನ್ನೇ ಬುಟ್ಟಿಗೆ ಹಾಕಿಕೊಂಡರೆ, ನೀವು ಸರಿಯಾದ ವಿಳಾಸ ಹೇಳಿದರೂ ಅವನು ಕಳ್ಳರ ಮನೆಗೇ ಕರೆದೊಯ್ಯುತ್ತಾನೆ. ಅಕ್ಕ ಒಂದು ದಿನ ಮೇಲ್ ತೆರೆದಳು. ಅದೇ ಬಣ್ಣದ, ಅದೇ ಅಕ್ಷರದ ಪುಟ ಪಾಸ್‌ವರ್ಡ್ ಕೇಳಿತು, ಕೊಟ್ಟಳು. ಸಂಜೆಯೊಳಗೆ ಖಾತೆ ಬೇರೆಯವರದಾಗಿತ್ತು. ಈಮೇಲ್ ಕಂಪನಿಯವರನ್ನು ಎಷ್ಟು ಬೇಡಿಕೊಂಡರೂ ಖಾತೆಯೂ ದನಿಯೂ ಮರಳಿ ಸಿಗಲಿಲ್ಲ.

"ನಾನೇ ಏನೋ ತಪ್ಪು ಒತ್ತೀನಿ ತಮ್ಮಾ" ಎಂದು ಅತ್ತಳು. ನನಗೆ ಒಳಗೊಳಗೆ ಅನುಮಾನವಿತ್ತು. ಆದರೂ "ಹೋಗ್ಲಿ ಬಿಡಕ್ಕಾ" ಎಂದೆ. ನನ್ನ ದೊಡ್ಡ ಮನಸ್ಸು ನೋಡಿ! ತಪ್ಪು ಮಾಡಿದವನೂ ನಾನೇ, ಕ್ಷಮಿಸಿದವನೂ ನಾನೇ.

ಆರು ತಿಂಗಳು ಹೀಗೇ ಕಳೆಯಿತು. ಕಡೆಗೆ ತಡೆಯಲಾರದೆ ಹೋದ ವಾರ ಹೊಸ ರೂಟರ್ ಹಿಡಿದು, ಆ ರಿಪೇರಿಯವನನ್ನೂ ಕರೆದುಕೊಂಡು ಭಾಲ್ಕಿಗೆ ಹೋದೆ. ಅವನು ಹಳೆಯದನ್ನು ಪರೀಕ್ಷಿಸಿ ನನ್ನನ್ನು ಅಂಗಳಕ್ಕೆ ಕರೆದ. "ಒಳಗ ದಾರಿ ಎಲ್ಲಾ ತಿರುವ್ಯಾರ್ರಿ ಸರ. ಅಕ್ಕೋರು ಒತ್ತಿದ್ದು ಬರೋಬರ್ ಅದರಿ."

ಒಳಗೆ ಬಂದರೆ ಅಕ್ಕ ಹಳೆಯ ರೂಟರನ್ನು ಪೇಪರಿನಲ್ಲಿ ಸುತ್ತುತ್ತಿದ್ದಳು. "ಔರಾದಕ್ಕ ಕಳಸ್ತೀನಿ. ಇನ್ನಾ ನಡೀತದಲ್ಲಾ?"

ಇನ್ನು ಬಾಯಿ ಮುಚ್ಚಿಕೊಂಡಿರಲು ಆಗಲಿಲ್ಲ. ಎಲ್ಲ ಹೇಳಿದೆ.

ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ರಿಪೇರಿಯವನನ್ನು ಎರಡೆರಡು ಸಲ ಕೇಳಿದಳು: "ಹಂಗಾರ ನಂದು ತಪ್ಪಿಲ್ಲೇನಪಾ?"

"ಇಲ್ರಿ ಅಕ್ಕೋರೆ."

ಆಮೇಲೆ ನನ್ನ ಕಡೆ ತಿರುಗಿದಳು. "ಆರು ತಿಂಗಳಾತು ತಮ್ಮಾ, ದಿನಾ ಮುಂಜಾನಿ ಅವರ ಫೋಟೋದ ಮುಂದ ನಿಂತು ಮಾಫಿ ಕೇಳ್ಲಕತ್ತೀನಿ. ನಾಳಿಂದ ನಿನ್ನ ಪಾಳಿ."

ಅಷ್ಟು ಹೇಳಿ ಚಹಾ ಮಾಡಲು ಹೋದಳು. ನಾಳೆಯವರೆಗೆ ಕಾಯಲು ನನ್ನಿಂದಾಗಲಿಲ್ಲ. ಫೋಟೋದ ಮುಂದೆ ಹೋಗಿ ನಿಂತೆ. ಬಾವ ಏನೂ ಅನ್ನಲಿಲ್ಲ. ಅನ್ನುವುದಕ್ಕೆ ಅವರಿಗೆ ಉಳಿದಿದ್ದ ದನಿಯನ್ನು ಕಳೆದವನು ನಾನೇ.