ಕರೆದವರ ಮನೆಗೆ ಹೋದದ್ದು

ಪುಟ್ಟೀ, ಚಿನ್ನೂ, ನಿಮ್ಮ ಅಕ್ಕನ ಬಗ್ಗೆ ಬರೆಯುವ ಮೊದಲು ಅವಳನ್ನೇ ಕೇಳಿದ್ದೇನೆ. “ಬರೆಯಿರಿ ಅಜ್ಜಿ, ಆದರೆ ನಡೆದದ್ದನ್ನೇ ಬರೀಬೇಕು” ಎಂದಳು. ಅವಳಿಗೆ ಆಟಿಸಂ ಉಂಟೆಂದು ನಿಮಗೆ ಗೊತ್ತು. ಜನ ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡರೆ ಅವಳಿಗೆ ತಲೆನೋವು.

ಬೆಳುವಾಯಿಯಿಂದ ಮೂಡುಬಿದಿರೆಯ ಕಾಲೇಜಿಗೆ ಹೋಗಲು ಶುರುಮಾಡಿದ ವರ್ಷ ಅವಳ ಪಕ್ಕದಲ್ಲಿ ಕೂರುತ್ತಿದ್ದದ್ದು ಪಾಣೆಮಂಗಳೂರಿನ ಬ್ಯಾರಿ ಮುಸಲ್ಮಾನರ ಹುಡುಗಿ, ಹಾಸ್ಟೆಲಿನಲ್ಲಿದ್ದು ಭಾನುವಾರ ಮನೆಗೆ ಹೋಗುವವಳು. ಅಕ್ಕನಿಗೆ ಅವಳೆಂದರೆ ಇಷ್ಟ. ಆ ಹುಡುಗಿ ದಿನಾ, “ಒಮ್ಮೆ ನಮ್ಮ ಮನೆಗೆ ಬಾ ಮಾರಾಯ್ತಿ” ಎನ್ನುತ್ತಿದ್ದಳು. ಒಂದು ದಿನ ಅಕ್ಕ, “ಯಾವ ದಿನ? ಎಷ್ಟು ಗಂಟೆಗೆ?” ಎಂದು ಕೇಳಿದಾಗ ಇಡೀ ಬೆಂಚು ನಕ್ಕಿತಂತೆ.

ಮನೆಗೆ ಬಂದವಳು ಚೀಲ ಇಟ್ಟು ಹೇಳಿದಳು: “ಭಾನುವಾರ ಬರ್ತೇನೆ ಅಂತ ಮೆಸೇಜ್ ಹಾಕಿದ್ದೇನೆ. ‘ಬಾ ಬಾ’ ಅಂತ ಬರೆದಿದ್ದಾಳೆ. ಅದೂ ಸುಳ್ಳಾದರೆ ನಾನಿನ್ನು ಕಾಲೇಜಿಗೆ ಹೋಗುವುದಿಲ್ಲ.”

ಹೇಳಿದ್ದನ್ನು ಮಾಡುವವಳು ಅವಳು. ಆ ಹುಡುಗಿ ಬರೆದದ್ದು ತಮಾಷೆಗೆ ಎಂದು ನನಗೆ ಹೊಳೆಯದೆ ಇರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಮದುವೆಯಾಗಿ ಬಂದ ಮೇಲೆ ನನ್ನನ್ನೂ ಎಷ್ಟೋ ಮಂದಿ ಕರೆದಿದ್ದರು. ನಾಚಿಕೆಯಿಂದ ನಾನು ಒಳಗೇ ಉಳಿದು ನಿಮ್ಮ ಅಜ್ಜನನ್ನು ಕಳಿಸುತ್ತಿದ್ದೆ. ಅವರು ತೀರಿಕೊಂಡ ಮೇಲೆ ಅದೂ ನಿಂತಿತು. ಕರೆದವರ ಮನೆಗೆ ನಿಜವಾಗಿ ಹೋದರೆ ಏನಾಗುತ್ತದೆಂದು ನನಗೂ ನೋಡಬೇಕಿತ್ತು!

ಭಾನುವಾರ ಹೊಸ ಸೀರೆ ಉಟ್ಟು ಅವಳ ಜೊತೆ ಹೊರಟೆ. ಮೂಡುಬಿದಿರೆಯಲ್ಲಿ ಬಸ್ಸು ಬದಲಿಸಿ, ಬಂಟ್ವಾಳದಲ್ಲಿ ರಿಕ್ಷಾ ಹಿಡಿದು, ಹೊಳೆ ದಾಟಿದೆವು. ಬಾಗಿಲು ತೆರೆದ ಗೆಳತಿಯ ತಲೆ ತುಂಬ ಎಣ್ಣೆ, ಹೆಗಲ ಮೇಲೆ ತಲೆ ಒರೆಸುವ ಹಳೇ ಬೈರಾಸು.

“ಅಲ್ಲಾ, ನೀನು ನಿಜವಾಗ್ಲೂ ಬಂದ್ಯಾ?”

“ನೀನು ಬಾ ಅಂದಿದ್ದೆ” ಎಂದಳು ಅಕ್ಕ. ಅವಳ ಮುಖ ನೋಡಿದರೆ ಅಲ್ಲಿಂದಲೇ ತಿರುಗುವ ಹಾಗಿತ್ತು.

ಒಳಗೆ ಬೂತಾಯಿ ಮೀನು ಹೆಚ್ಚುತ್ತಿದ್ದ ಅವಳ ತಾಯಿ ಕೈ ತೊಳೆಯದೆ ಓಡಿಬಂದರು. “ಬನ್ನಿ ಅಮ್ಮ, ಬಾ ಮಗಾ! ಕೋಳಿ ತರಿಸ್ತೇನೆ, ಬಿರಿಯಾನಿ ಮಾಡುವ.”

“ಬೇಡ. ನನಗೆ ಅನ್ನ, ಮೊಸರು ಸಾಕು” ಎಂದಳು ಅಕ್ಕ.

“ಸಂಕೋಚ ಮಾಡ್ಬೇಡ ಮಗಾ. ಮೀನಾದ್ರೂ ಸ್ವಲ್ಪ?”

“ಬೇಡ. ಅದರ ವಾಸನೆ ನನಗೆ ಆಗುವುದಿಲ್ಲ.”

ತಾಯಿ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: “ಅಮ್ಮ, ಇವಳು ಬೇಡ ಅಂದ್ರೆ ಬೇಡವೇನಾ?”

“ಬೇಡವೇ” ಎಂದೆ.

“ನಮ್ಮಲ್ಲಿ ಮೂರು ಸಲ ಬೇಡ ಅಂದ ಮೇಲೆಯೇ ತಿನ್ನುವುದು” ಎಂದು ಗೆಳತಿ ನಕ್ಕಳು.

“ಹಾಗಾದರೆ ನಿಜವಾಗಿ ಬೇಡದಿದ್ದರೆ ಏನು ಹೇಳ್ತೀರಿ?” ಎಂದು ಅಕ್ಕ ಕೇಳಿದಳು. ತಾಯಿ, ಮಗಳು ಮುಖ ಮುಖ ನೋಡಿಕೊಂಡರು.

ಊಟಕ್ಕೆ ಕೂತಾಗ ನನ್ನ ಬಟ್ಟಲಿಗೆ ಮೀನು ಸಾರು ಬಡಿಸಲು ಬಂದರು. ಅಭ್ಯಾಸದಂತೆ ಕೈ ಅಡ್ಡ ಹಿಡಿದು “ಬೇಡ ಬೇಡ, ಹೊಟ್ಟೆ ತುಂಬಿದೆ” ಎಂದೆ.

“ಅಜ್ಜಿಗೆ ಬೇಕು” ಎಂದಳು ನಿಮ್ಮ ಅಕ್ಕ. “ಬಸ್ಸಿನಲ್ಲಿ ಹಸಿವು ಹಸಿವು ಅಂತಿದ್ದರು. ಬೂತಾಯಿ ಅಂದರೆ ಅವರಿಗೆ ಪ್ರಾಣ.”

ನಾಚಿಕೆಯಿಂದ ನನ್ನ ಕಿವಿಯೆಲ್ಲ ಬಿಸಿಯಾಯಿತು. ಗೆಳತಿ ನೆಲಕ್ಕೆ ಬೀಳುವಷ್ಟು ನಕ್ಕಳು. ಈ ಸಲ ನಕ್ಕದ್ದು ಅಕ್ಕನನ್ನು ನೋಡಿ ಅಲ್ಲ, ನನ್ನನ್ನು ನೋಡಿ. ಅದು ಗೊತ್ತಾಗಿ ಅಕ್ಕನೂ ನಕ್ಕಳು. ನಾನು ಮೂರು ಸಲ ಬಡಿಸಿಕೊಂಡೆ.

ಹೊರಡುವಾಗ ತಾಯಿ, “ಎಲ್ಲರನ್ನೂ ಕರೀತೇನೆ, ಬಂದವರು ನೀವೇ. ಇನ್ನೊಮ್ಮೆ ಬರ್ಬೇಕು” ಎಂದರು. ಅಕ್ಕ ಮೊಬೈಲು ತೆಗೆದಳು. “ಯಾವ ದಿನ?”

“ಅದಕ್ಕೆ ಮುಂಚೆ ನಾನು ನಿಮ್ಮಲ್ಲಿಗೆ” ಎಂದಳು ಗೆಳತಿ. “ಬರುವ ಶನಿವಾರ, ಕಾಲೇಜು ಬಿಟ್ಟ ಮೇಲೆ, ನಿನ್ನ ಬಸ್ಸಿನಲ್ಲೇ. ಬರ್ಕೋ.”

ಸೋಮವಾರ ಅಕ್ಕ ಎಲ್ಲರಿಗಿಂತ ಮೊದಲೇ ಎದ್ದು ಕಾಲೇಜಿಗೆ ಹೊರಟಳು. ಶನಿವಾರ ಆ ಹುಡುಗಿ ಬಂದೇಬಂದಳು.

ಮಕ್ಕಳೇ, ಈ ಹಾಳೆಗಳನ್ನು ಗೆದ್ದಲು ಹಿಡಿಯದ ಕಡೆ ಜೋಪಾನವಾಗಿ ಇಡಿ. ಆ ಗೆಳತಿ ಓದಲು ಕೇಳಿದರೆ ಕೊಡಿ. ಆದರೆ ಯಾವ ದಿನ, ಎಷ್ಟು ಗಂಟೆಗೆ ಹಿಂದಕ್ಕೆ ಕೊಡುತ್ತಾಳೆಂದು ಅಕ್ಕನಿಂದಲೇ ಕೇಳಿಸಿ.