ಶೀತಕ್ಕೆ ಒಂದು ಸೆಟ್

ಕಾಪು ಪೇಟೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಮೆಡಿಕಲ್ ಅಂಗಡಿ ಇಟ್ಟುಕೊಂಡಿರುವ ಫೌಸ್ಟಿನನಿಗೆ ಬೇರೆ ಯಾವ ಕಾಯಿಲೆಯ ಮೇಲೂ ಇಲ್ಲದ ಸಿಟ್ಟು ಶೀತದ ಮೇಲೆ. ದೊಡ್ಡ ಕಾಯಿಲೆಯವರು ಡಾಕ್ಟರ ಚೀಟಿ ಕೊಟ್ಟು ಸುಮ್ಮನೆ ನಿಲ್ಲುತ್ತಾರೆ. ಶೀತದವರು ಮಾತ್ರ ಅವನಿಗೇ ಪಾಠ ಹೇಳಲು ಬರುತ್ತಾರೆ. ಮೂಗು ಸೋರಲು ಶುರುವಾದ ಗಳಿಗೆಯಿಂದ ಊರಿನ ಪ್ರತಿಯೊಬ್ಬನೂ ಅರ್ಧ ಡಾಕ್ಟರ್ ಆಗುತ್ತಾನೆ, ಉಳಿದರ್ಧಕ್ಕೆ ಮಾತ್ರ ಫೌಸ್ಟಿನ್ ಬೇಕು.

ಅವರು ಕೇಳುವುದು 'ಸೆಟ್'. ಒಂದು ಬಿಳಿ, ಒಂದು ಹಳದಿ, ಒಂದು ಗುಲಾಬಿ, ಹೀಗೆ ಪಟ್ಟಿಯಿಂದ ಕತ್ತರಿಸಿ ತೆಗೆದ ಬಿಡಿ ಮಾತ್ರೆಗಳನ್ನು ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ ಕೊಟ್ಟರೆ ಅದು ಶೀತದ ಸೆಟ್. ಮಾತ್ರೆಯ ಹೆಸರು ಯಾರಿಗೂ ಬೇಡ. ಫೌಸ್ಟಿನ್ ಪೊಟ್ಟಣ ಕಟ್ಟುವ ಮೊದಲು ಕೇಳುತ್ತಾನೆ, ಬಿಪಿ ಉಂಟಾ? ಕಟ್ಟಿದ ಮೂಗು ಬಿಡಿಸುವ ಮಾತ್ರೆ ಕೆಲವರ ರಕ್ತದೊತ್ತಡವನ್ನು ತಟ್ಟನೆ ಏರಿಸುತ್ತದೆ, ಅದಕ್ಕೇ ಈ ಪ್ರಶ್ನೆ. ಕೇಳಿಸಿಕೊಂಡವರಿಗೆ ಅದು ಅಧಿಕಪ್ರಸಂಗದಂತೆ ಕಾಣುತ್ತದೆ. ಬೇರೆ ಅಂಗಡಿಯಲ್ಲಿ ಇದೆಲ್ಲ ಕೇಳುವುದಿಲ್ಲ ಎಂದು ಅವನ ಮುಖಕ್ಕೇ ಹೇಳಿ ಹೋದವರಿದ್ದಾರೆ.

ಆ ಮಂಗಳವಾರವೂ ಗಾರೆ ಕೆಲಸದ ರಾಚವ್ವ ಸೆರಗಿನಿಂದ ಮೂಗು ಒರೆಸುತ್ತ ಬಂದು ನಿಂತಳು. ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಹನ್ನೊಂದು ವರ್ಷವಾದ ಹೆಂಗಸು.

"ಅಣ್ಣಾರ, ಮೈ ಕೈ ಒಡದಂಗ ಆಗೈತ್ರಿ. ಒಂದು ಸೆಟ್ ಕೊಡ್ರಿ. ಪವರ್ ಇರೋದು ಕೊಡ್ರಿ."

"ಬಿಪಿ ಉಂಟಾ?"

"ಅದೆಲ್ಲಾ ಯಾರಿಗ್ ಗೊತ್ರಿ? ಒಂದು ಗುಳಿಗಿಂದ ಏನಾಗ್ತೈತಿ?"

ಒಂದು ಮಾತ್ರೆಯಿಂದ ಎಂತ ಆಗುತ್ತದೆ ಎನ್ನುವ ಈ ಪ್ರಶ್ನೆಯನ್ನು ಫೌಸ್ಟಿನ್ ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುತ್ತಾನೆ. ಅವನು ಎಂದಿನಂತೆ ಉಪದೇಶ ಮಾಡಿದ. ಶೀತಕ್ಕೆ ಮಾತ್ರೆ ತಿಂದರೂ ಒಂದು ವಾರ, ತಿನ್ನದಿದ್ದರೂ ಒಂದು ವಾರ. ಎರಡು ದಿನ ಮಲಗಿ, ಬಿಸಿ ಗಂಜಿ ಕುಡಿಯಿರಿ. ಮಲಗಿದರೆ ಕೂಲಿ ನೀವು ಕೊಡ್ತೀರೇನ್ರಿ ಎಂದು ರಾಚವ್ವ ಕೇಳಿದಳು. ಅವನು ಬರೀ ಜ್ವರದ ಮಾತ್ರೆ ಕೊಟ್ಟು ಕಳಿಸಿದ. ಅವಳು ಹೋಗುತ್ತ ಏನೋ ಗೊಣಗಿದ್ದು ಕೇಳಿಸಿತು, ಒಳ್ಳೆಯ ಮಾತಂತೂ ಆಗಿರಲಿಲ್ಲ.

ಅಂಗಡಿಯ ಕಥೆ ಹೀಗಾದರೆ ಮನೆಯದ್ದು ಅದಕ್ಕಿಂತ ಅತ್ತ. ಇನ್ನಂಜೆಯ ಮನೆಯಲ್ಲಿ ಅವನ ತಾಯಿ ಬರ್ತಾ ಬಾಯಿ ಇದ್ದಾರೆ, ಎಪ್ಪತ್ತಾರು ವರ್ಷ. ಮಗ ಔಷಧಿ ಮಾರಿ ಮನೆ ಕಟ್ಟಿದರೂ ಅವನ ಕೈಯಿಂದ ಒಂದು ಶೀತದ ಮಾತ್ರೆ ನುಂಗಿದವರಲ್ಲ. ಬಿಪಿ ಮತ್ತು ಸಕ್ಕರೆಯ ಮಾತ್ರೆ ತಿನ್ನುತ್ತಾರೆ, ಅದು ಡಾಕ್ಟರ್ ಬರೆದದ್ದು ಎಂಬ ಕಾರಣಕ್ಕೆ. ಮಗ ಕೊಟ್ಟದ್ದು ಬೇರೆ ಲೆಕ್ಕ. ಶೀತವಾದರೆ ಜೀರಿಗೆ, ಕಾಳುಮೆಣಸು ಹುರಿದು ಕುಟ್ಟಿ, ಬೆಲ್ಲ ಹಾಕಿ ಕಷಾಯ. ಕೆಮ್ಮಾದರೆ ದೊಡ್ಡಪತ್ರೆ ಎಲೆ ಬಾಡಿಸಿ ಹಿಂಡಿದ ರಸಕ್ಕೆ ಜೇನು. ಮೂಗು ಕಟ್ಟಿದರೆ ಅರಸಿನ ಕೊಂಬು ಸುಟ್ಟ ಹೊಗೆ. ಫೌಸ್ಟಿನ್ ಈ ಹೊಗೆಯಲ್ಲೇ ಕೆಮ್ಮಿ ಕೆಮ್ಮಿ ದೊಡ್ಡವನಾದದ್ದು. ಅವನ ತಂದೆ ಬ್ಯಾಪ್ಟಿಸ್ಟ್ ತೀರಿಹೋಗುವ ವರ್ಷದವರೆಗೂ, ಇವಳ ಕಷಾಯದ ಹೆದರಿಕೆಗೇ ನನಗೆ ಶೀತ ಬರುವುದಿಲ್ಲ ಎಂದು ನಗುತ್ತಿದ್ದರು.

ಈಗ ನಗುವ ಹಾಗಿರಲಿಲ್ಲ. ಬರ್ತಾ ಬಾಯಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನೆಯ ಹಿಂದೆ ಅವರ ಮಲ್ಲಿಗೆ ಗಿಡಗಳಿವೆ. ನಲವತ್ತು ವರ್ಷಗಳಿಂದ ಬೆಳಿಗ್ಗೆ ಎದ್ದು ಮೊಗ್ಗು ಬಿಡಿಸಿ, ಬಾಳೆ ನಾರಿನಲ್ಲಿ ಕಟ್ಟಿ, ಚೆಂಡು ಮಾಡಿ ಶಂಕರಪುರದ ಹೂ ಮಾರುವ ಕಟ್ಟೆಗೆ ಕಳಿಸುವುದು ಅವರ ಕೆಲಸ. ಯಾವ ಮೊಗ್ಗು ಇವತ್ತು ಸಂಜೆ ಅರಳುತ್ತದೆ, ಯಾವುದು ನಾಳೆಗೆ ಎಂಬುದನ್ನು ಕಣ್ಣಿನಿಂದಲೇ ತಿಳಿಯಬೇಕು. ಅದು ಈಗ ಆಗುತ್ತಿರಲಿಲ್ಲ. ಎಳೆಯ ಹಸಿರು ಮೊಗ್ಗೂ ಮೊನ್ನೆ ಅರಳಿದ ಹೂವೂ ಒಂದೇ ಚೆಂಡಿನಲ್ಲಿ ಸೇರಿ, ಕಟ್ಟೆಯವರು ಎರಡು ಸಲ ವಾಪಸ್ ಕಳಿಸಿದ್ದರು. ಎರಡನೆಯ ಸಲ ಬರ್ತಾ ಬಾಯಿ ಆ ಚೆಂಡನ್ನು ಮಡಿಲಲ್ಲಿ ಇಟ್ಟುಕೊಂಡು ಜಗಲಿಯಲ್ಲಿ ಬಹಳ ಹೊತ್ತು ಕುಳಿತಿದ್ದರು. ಸೊಸೆ ಲವೀನಾ, ಇನ್ನು ಸಾಕು ಮಾಂಯ್, ಗಿಡ ಯಾರಿಗಾದರೂ ವಹಿಸಿ ಕೊಡುವ ಎಂದಾಗ, ಹಾಗಾದರೆ ನನ್ನನ್ನೂ ವಹಿಸಿ ಕೊಡಿ ಎಂದಿದ್ದರು.

ಆಪರೇಷನ್ನಿಗೆ ಎರಡು ಸಲ ದಿನ ಸಿಕ್ಕಿ ಎರಡು ಸಲವೂ ತಪ್ಪಿತು. ಮೊದಲ ಸಲ ಕೆಮ್ಮು. ಕೆಮ್ಮುವವರ ಕಣ್ಣಿಗೆ ಕತ್ತರಿ ಹಾಕಲಿಕ್ಕಿಲ್ಲ ಎಂದು ವಾಪಸ್ ಕಳಿಸಿದರು. ಎರಡನೆಯ ಸಲ, ಆ ಕೆಮ್ಮು ಮರಳಿ ಬರದಿರಲಿ ಎಂದು ಬರ್ತಾ ಬಾಯಿ ವಾರವಿಡೀ ಬೆಲ್ಲದ ಕಷಾಯ, ಜೇನು ಹೊಡೆದು ಸಕ್ಕರೆಯನ್ನು ಆಕಾಶಕ್ಕೆ ಏರಿಸಿಕೊಂಡಿದ್ದರು. ಪೊರೆ ಗಟ್ಟಿಯಾಗುತ್ತಾ ಉಂಟು, ಇನ್ನೂ ತಡ ಮಾಡಿದರೆ ನಮಗೂ ಕಷ್ಟ, ಕಣ್ಣಿಗೂ ಕಷ್ಟ ಎಂದು ಡಾಕ್ಟರಮ್ಮ ಅವತ್ತೇ ಹೇಳಿದ್ದರು. ಮೂರನೆಯ ಸಲ ದಿನ ಸಿಕ್ಕಿದ್ದು ಈ ಗುರುವಾರ.

ಮಂಗಳವಾರ ಸಂಜೆ ಫೌಸ್ಟಿನ್ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಒಳಗಿನಿಂದ ಸೀನು ಕೇಳಿಸಿತು. ಒಂದಲ್ಲ, ಮೂರು.

ಆಮೇಲೆ ನಡೆದದ್ದನ್ನು ದಂಡಯಾತ್ರೆ ಎನ್ನಬೇಕು. ಅಡುಗೆಮನೆಗೆ ನುಗ್ಗಿ ಕಾಳುಮೆಣಸಿನ ಡಬ್ಬಿ, ಬೆಲ್ಲದ ಭರಣಿ, ಜೇನಿನ ಬಾಟಲಿ ಎಲ್ಲವನ್ನೂ ಚೀಲಕ್ಕೆ ತುಂಬಿಸಿ ಸ್ಕೂಟರಿಗೆ ಸಿಕ್ಕಿಸಿದ. ನಾಳೆಯಿಂದ ಇದೆಲ್ಲ ಅಂಗಡಿಯಲ್ಲಿರುತ್ತದೆ, ಆಪರೇಷನ್ ಆದ ಮೇಲೆಯೇ ಮನೆಗೆ ಎಂದ. ಮೆಣಸಿಲ್ಲದೆ ನಾನು ಸಾರು ಎಂತದರಲ್ಲಿ ಮಾಡುವುದು ಎಂದು ಲವೀನಾ ಕೇಳಿದಳು. ಅಷ್ಟರಲ್ಲಿ ಪಕ್ಕದ ಮನೆಯ ಓಸ್ವಾಲ್ಡ್ ಬೇಲಿಯಿಂದ ತಲೆ ಹಾಕಿದ. ಹದಿನೆಂಟು ವರ್ಷ ಕುವೈತಿನಲ್ಲಿ ಡ್ರೈವರ್ ಆಗಿದ್ದು ಊರಿಗೆ ಬಂದವನು, ಎಲ್ಲ ಕಾಯಿಲೆಗೂ ಅವನಲ್ಲಿ ಇರುವುದು ಒಂದೇ ಮದ್ದು.

"ಒಂದು ಚಮಚ ಬ್ರಾಂಡಿ, ಚೂರು ಮೆಣಸಿನ ಪುಡಿ, ಬಿಸಿ ಮಾಡಿ ಕೊಡು ಮಾರಾಯ. ಬೆಳಿಗ್ಗೆ ಶೀತ ಇದ್ದರೆ ಕೇಳು."

"ನೀನು ಈ ಬೇಲಿ ದಾಟಿದರೆ ನಿನ್ನ ಬಾಟಲಿ ತೋಡಿಗೆ ಎಸೆಯುತ್ತೇನೆ" ಎಂದ ಫೌಸ್ಟಿನ್. ಓಸ್ವಾಲ್ಡನಿಗೆ ಬೇಜಾರಾಯಿತು. ಒಳ್ಳೆಯದಕ್ಕೆ ಹೇಳಿದ್ದು, ಗುರುವಾರ ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕಾರೂ ಅವನದ್ದೇ.

ಬುಧವಾರ ಬೆಳಿಗ್ಗೆ ಬರ್ತಾ ಬಾಯಿಯ ಮೂಗು ಪೂರ್ತಿ ಕಟ್ಟಿತ್ತು. ಬಿಸಿ ನೀರಿನ ಹಬೆಗೆ ಮುಖ ಒಡ್ಡಿ, ಮೇಲೆ ಬೆಡ್‌ಶೀಟ್ ಹೊದ್ದು ಕುಳಿತಿದ್ದರು. ಅದಕ್ಕೆ ಮಾತ್ರ ಮಗನ ಅನುಮತಿಯಿತ್ತು. ಕಷಾಯ ಕೇಳಲಿಲ್ಲ, ಬೈಯಲಿಲ್ಲ. ನಾಳೆಯೂ ಸೀನಿದರೆ ವಾಪಸ್ ಕಳಿಸುತ್ತಾರಾ ಪುತಾ ಎಂದು ಬೆಡ್‌ಶೀಟಿನ ಒಳಗಿನಿಂದ ಒಂದು ಸಲ ಕೇಳಿದರು, ಅಷ್ಟೇ. ಆ ದನಿಯನ್ನು ಫೌಸ್ಟಿನನಿಗೆ ತಡೆದುಕೊಳ್ಳಲು ಆಗಲಿಲ್ಲ.

ಅವನ ಅಂಗಿ ಜೇಬಿನಲ್ಲಿ, ಬೆಳಿಗ್ಗೆಯೇ ಚೀಲ ಇಡಲು ಹೋದಾಗ ಅಂಗಡಿಯಿಂದ ತಂದ ಒಂದು ಮಾತ್ರೆ ಪಟ್ಟಿ ಇತ್ತು. ಕಟ್ಟಿದ ಮೂಗನ್ನು ಅರ್ಧ ಗಂಟೆಯಲ್ಲಿ ಬಿಡಿಸುವಂಥದ್ದು. ಬಿಪಿ ಇದ್ದವರಿಗೆ ಇದನ್ನು ಕೊಡಬಾರದೆಂದು ಕೌಂಟರಿನ ಮೇಲೆ ತಾನೇ ಬರೆದು ಅಂಟಿಸಿದ್ದ. ಆದರೆ ಮಾಂಯ್ ಬಿಪಿ ಮಾತ್ರೆ ತಪ್ಪದೆ ತಿನ್ನುತ್ತಾರಲ್ಲ, ನಾಳೆ ಬೆಳಗ್ಗಿನವರೆಗೆ ತಾನೇ, ಎರಡು ಮೂರು ಮಾತ್ರೆಯಿಂದ ಎಂತ ಆಗುತ್ತದೆ? ಕೌಂಟರಿನ ಆಚೆ ನಿಂತವರ ಮಾತು ತನ್ನ ತಲೆಯೊಳಗೆ ಹೊಕ್ಕದ್ದು ಅವನಿಗೆ ತಿಳಿಯಲೇ ಇಲ್ಲ. ತಾಯಿಗೆ ಹೇಳಿದರೆ ತಿನ್ನುವುದಿಲ್ಲವೆಂದು, ದಿನದ ಮಾತ್ರೆಗಳ ಡಬ್ಬಿಯಲ್ಲಿ ಬಿಪಿ, ಸಕ್ಕರೆಯ ಮಾತ್ರೆಗಳ ಜೊತೆಗೇ ಅದನ್ನೂ ಹಾಕಿಟ್ಟ. ಬುಧವಾರ ಬೆಳಿಗ್ಗೆ ಒಂದು, ರಾತ್ರಿಗೆ ಒಂದು, ಗುರುವಾರ ಬೆಳಿಗ್ಗೆ ಒಂದು. ಲವೀನಾಳಿಗೂ ಹೇಳಲಿಲ್ಲ.

ಗುರುವಾರ ಮೂಗು ಒಣಗಿತ್ತು. ಒಂದು ಸೀನೂ ಇಲ್ಲ. ಫೌಸ್ಟಿನ್ ಹುರುಪಿನಲ್ಲಿದ್ದ. ಕಾರಿನಲ್ಲಿ ಮಣಿಪಾಲದವರೆಗೆ ಮದ್ದಿನ ಹೆಸರಿನಲ್ಲಿ ಜನ ಮಾಡುವ ಮೂರ್ಖತನದ ಬಗ್ಗೆ ಓಸ್ವಾಲ್ಡನಿಗೆ ಪಾಠ ಮಾಡುತ್ತಲೇ ಬಂದ. ಕಷಾಯವಿಲ್ಲ, ಬ್ರಾಂಡಿಯಿಲ್ಲ, ನೋಡಿದೆಯಾ, ಶೀತ ಹೋಯಿತೋ ಇಲ್ಲವೋ ಎಂದ. ಓಸ್ವಾಲ್ಡ್ ಸ್ಟೇರಿಂಗ್ ಹಿಡಿದು ಹೂಂ ಹೂಂ ಎಂದ. ಹಿಂದಿನ ಸೀಟಿನಲ್ಲಿ ಬರ್ತಾ ಬಾಯಿ ತಲೆನೋವೆಂದು ಹಣೆ ಒತ್ತಿಕೊಳ್ಳುತ್ತಿದ್ದರು. ಹೆದರಿಕೆಗೆ ಹಾಗಾಗುತ್ತದೆ ಎಂದು ಮಗ ಹೇಳಿದ.

ಆಸ್ಪತ್ರೆಯಲ್ಲಿ ನರ್ಸು ತೋಳಿಗೆ ಬಿಪಿ ಪಟ್ಟಿ ಸುತ್ತಿದಳು. ಬಿಚ್ಚಿದಳು. ಇನ್ನೊಂದು ತೋಳಿಗೆ ಸುತ್ತಿದಳು. ಹತ್ತು ನಿಮಿಷ ಬಿಟ್ಟು ಮೂರನೆಯ ಸಲ ನೋಡಿ ಡಾಕ್ಟರಮ್ಮನನ್ನು ಕರೆದಳು. ನೂರ ತೊಂಬತ್ತೆರಡು.

"ಈ ಬಿಪಿಯಲ್ಲಿ ನಾನು ಕಣ್ಣು ಮುಟ್ಟುವುದಿಲ್ಲ" ಎಂದರು ಡಾಕ್ಟರಮ್ಮ. "ಎಂತ ತೆಗೆದುಕೊಂಡಿರಿ ಅಜ್ಜಿ? ಸರಿಯಾಗಿ ಹೇಳಿ."

ಫೌಸ್ಟಿನ್ ಬಾಯಿ ತೆರೆಯುವ ಮೊದಲೇ ಬರ್ತಾ ಬಾಯಿ ಹೇಳಿದರು, "ಕಷಾಯ ಕುಡಿದೆ ಡಾಕ್ಟ್ರೇ. ಮೆಣಸಿನದ್ದು. ಮಗ ಬೇಡ ಅಂದಿದ್ದ, ಅವನಿಗೆ ಗೊತ್ತಿಲ್ಲದೆ ಕುಡಿದೆ."

ಮನೆಯಲ್ಲಿ ಒಂದು ಕಾಳು ಮೆಣಸೂ ಇರಲಿಲ್ಲ. ಅದು ಫೌಸ್ಟಿನನಿಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

"ಮಗ ಮೆಡಿಕಲಿನವರು, ಅವರ ಮಾತು ಕೇಳಬಾರದಾ? ಆದರೆ ಕಷಾಯಕ್ಕೆಲ್ಲ ಇಷ್ಟು ಏರುವುದಿಲ್ಲ" ಎಂದು ಡಾಕ್ಟರಮ್ಮ ಚೀಟಿ ಎಳೆದುಕೊಂಡರು. "ಹಾಗಾದರೆ ನಿಮ್ಮ ಬಿಪಿ ಮಾತ್ರೆ ಸಾಲುವುದಿಲ್ಲ ಅಂತ ಆಯಿತು. ಫಿಸಿಷಿಯನ್ನಿಗೆ ಬರೆಯುತ್ತೇನೆ. ಮಾತ್ರೆ ಬದಲಾಯಿಸಿ ಒಂದು ತಿಂಗಳು ನೋಡುವ. ಆಮೇಲೆ ಬನ್ನಿ."

ಒಂದು ತಿಂಗಳು. ತಾಯಿಯ ಮುಖದಲ್ಲಿ ಏನೂ ಕಾಣಲಿಲ್ಲ, ಕೈ ಮಾತ್ರ ಸೀರೆಯ ಅಂಚನ್ನು ಮೊಗ್ಗು ಬಿಡಿಸುವ ಹಾಗೆ ಚಿವುಟುತ್ತಿತ್ತು. ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಓಸ್ವಾಲ್ಡ್ ಕುಳಿತಿದ್ದ, ಅವನ ಪಕ್ಕದಲ್ಲಿ ಫೌಸ್ಟಿನನ ಅಂಗಡಿಗೆ ಕಾಯಂ ಬರುವ ವಾಸು ಮತ್ತು ಅವನ ಹೆಂಡತಿ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

"ಕಷಾಯ ಅಲ್ಲ ಡಾಕ್ಟ್ರೇ" ಎಂದ ಫೌಸ್ಟಿನ್. "ಶೀತದ ಮಾತ್ರೆ. ನಿನ್ನೆಯಿಂದ ಮೂರು ತಿಂದಿದ್ದಾರೆ. ನಾನು ಕೊಟ್ಟದ್ದು. ಅವರಿಗೆ ಹೇಳದೆ ಕೊಟ್ಟದ್ದು."

ಯಾವ ಮಾತ್ರೆ ಎಂದು ಕೇಳಿದರು. ಹೆಸರು ಹೇಳಿದ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವನನ್ನು ನೋಡಿದರು.

"ಮೆಡಿಕಲ್ ಎಷ್ಟು ವರ್ಷದಿಂದ ಉಂಟು ನಿಮ್ಮದು?"

"ಇಪ್ಪತ್ತಾರು."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರೆದ ಚೀಟಿಯನ್ನು ಹರಿದು, ಆ ಮಾತ್ರೆ ನಿಲ್ಲಿಸಿ, ದಿನಕ್ಕೆ ಎರಡು ಸಲ ಬಿಪಿ ನೋಡಿ, ಇಳಿದರೆ ಶನಿವಾರದ ಆಪರೇಷನ್‌ಗಳಲ್ಲಿ ಕೊನೆಯವರಾಗಿ ಸೇರಿಸಿಕೊಳ್ಳುತ್ತೇನೆ ಎಂದರು. ಈಗ ಇಲ್ಲೇ ಸ್ವಲ್ಪ ಹೊತ್ತು ಮಲಗಿಸಿ, ಇಳಿಯಲು ಶುರುವಾದ ಮೇಲೆ ಕರೆದುಕೊಂಡು ಹೋಗಿ.

ಮಧ್ಯಾಹ್ನ ಕಾರಿನಲ್ಲಿ ವಾಪಸ್ ಬರುತ್ತ ಕಟಪಾಡಿ ದಾಟುವಾಗ ಓಸ್ವಾಲ್ಡ್ ಮೆಲ್ಲಗೆ ಕೇಳಿದ, "ಹಾಗಾದರೆ ಬ್ರಾಂಡಿಯೇ ಆಗಬಹುದಿತ್ತು, ಅಲ್ವಾ?" ಫೌಸ್ಟಿನನಿಗೆ ಅವನ ಕುತ್ತಿಗೆ ಹಿಸುಕಬೇಕೆನಿಸಿತು, ಆದರೆ ಅವತ್ತು ಆ ಅಧಿಕಾರ ಅವನಿಗಿರಲಿಲ್ಲ. ಹಿಂದಿನಿಂದ ಬರ್ತಾ ಬಾಯಿ ಮಾತ್ರ ಸಿಡುಕಿದರು. ನಾನು ಹೇಳಿಯಾಗಿತ್ತು, ನೀನು ಯಾಕೆ ಬಾಯಿ ಹಾಕಿದೆ, ನಾಳೆ ನಿನ್ನ ಅಂಗಡಿಗೆ ಯಾರು ಬರುತ್ತಾರೆ ಎಂದರು.

ಶನಿವಾರ ಬೆಳಿಗ್ಗೆ ಬಿಪಿ ನೂರ ನಲವತ್ತಕ್ಕೆ ಇಳಿದಿತ್ತು. ಶೀತ ತನ್ನ ಪಾಡಿಗೆ ತಾನು ಅರ್ಧ ವಾಸಿಯಾಗಿತ್ತು, ಸೀನು ನಿಂತಿತ್ತು. ಆಸ್ಪತ್ರೆಯಲ್ಲಿ ನರ್ಸು ಬಂದು ಹಸಿರು ಟೊಪ್ಪಿ ಹಾಕಿದಳು. ಬರ್ತಾ ಬಾಯಿ ಕಿವಿಯ ಓಲೆ ಬಿಚ್ಚಿ ಮಗನ ಕೈಗೆ ಕೊಟ್ಟರು. ಎರಡು ದಿನದಿಂದ ಕೇಳಲಾಗದೆ ಇಟ್ಟುಕೊಂಡಿದ್ದನ್ನು ಫೌಸ್ಟಿನ್ ಆಗ ಕೇಳಿದ.

"ಡಬ್ಬಿಯಲ್ಲಿ ಒಂದು ಮಾತ್ರೆ ಹೆಚ್ಚು ಉಂಟು ಅಂತ ನಿಮಗೆ ಗೊತ್ತಾಗಿತ್ತು, ಅಲ್ವಾ ಮಾಂಯ್?"

"ಕಣ್ಣು ಕಾಣದಿದ್ದರೆ ಬೆರಳಿಗೂ ಗೊತ್ತಾಗುವುದಿಲ್ಲವಾ?"

"ಮತ್ತೆ ಎಂತದು ಅಂತ ಕೇಳಲಿಲ್ಲ ಯಾಕೆ?"

"ನೀನು ಕೊಟ್ಟದ್ದನ್ನು ನಾನು ಯಾವತ್ತೂ ತಿನ್ನುವುದಿಲ್ಲ ಅಂತ ನಿನಗೆ ಬೇಜಾರು ಉಂಟಲ್ಲ ಪುತಾ. ಒಮ್ಮೆ ಏನೂ ಕೇಳದೆ ತಿನ್ನುವ ಅಂತ ಕಂಡಿತು."

ನರ್ಸು ಅವರ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು. ಫೌಸ್ಟಿನ್ ಓಲೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬೆಂಚಿನ ಮೇಲೆ ಕುಳಿತ. ಪಕ್ಕದಲ್ಲಿ ಓಸ್ವಾಲ್ಡ್ ನೋಡುತ್ತಿದ್ದಾನೆಂದು ಗೊತ್ತಿದ್ದೂ ಅತ್ತುಬಿಟ್ಟ.