ಒಂದೇ ಹಲಗೆಯ ಬಾಗಿಲು

ಕೊಡಗು ಇನ್ನೂ ಮೈಸೂರಿಗೆ ಸೇರದೆ ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲವದು. ಸಂಪಾಜೆ ಕಡೆ ಹಲಸು ಹಣ್ಣಾಗುವ ಹೊತ್ತಿಗೆ ಯಾರ ಮನೆಗೆ ಹೋದರೂ ಅದರದೇ ವಾಸನೆ. ಆ ವರ್ಷ ನಮ್ಮಲ್ಲಿ ಹಣ್ಣಿನ ಜತೆಗೆ ಹಲಸಿನ ಮರದ ಹಳದಿ ಹೊಟ್ಟಿನ ವಾಸನೆಯಿತ್ತು, ಮರವಜ್ರ ಕುದಿಯುವ ಕೆಟ್ಟ ನಾತವೂ ಇತ್ತು. ಎಲುಬು ತೊಗಲಿನ ಆ ಅಂಟಿಗೆಂದು ಅವ್ವ ಹಿತ್ತಿಲಲ್ಲಿ ಬೇರೆ ಒಲೆ ಹೂಡಿಸಿದ್ದಳು. ಇಷ್ಟು ಖಚಿತ. ಮುಂದಿನದರಲ್ಲಿ ಎಷ್ಟು ಕಂಡದ್ದು, ಎಷ್ಟು ಆಮೇಲೆ ಕಟ್ಟಿಕೊಂಡದ್ದು ಎಂದು ಈಗ ಬೇರ್ಪಡಿಸಲಾರೆ.

ಅಪ್ಪ ಪಾಲಾಗಿ ಹೊರಬಂದು ಹೊಸ ಮನೆ ಕಟ್ಟುತ್ತಿದ್ದ. ಅಂದಿನಿಂದ ದೊಡ್ಡಪ್ಪ ಮಾತು ಬಿಟ್ಟಿದ್ದರು. ಅವರ ಮಗನೊಡನೆ ನಾನು ಗೋಲಿ ಆಡುವುದೂ ನಿಂತಿತ್ತು. ಕೊನೆಗೊಮ್ಮೆ ಅವರು ಹೇಳಿ ಕಳಿಸಿದರು: ನಮ್ಮ ಕುಟುಂಬದಲ್ಲಿ ತಲೆಬಾಗಿಲು ಒಂದೇ ಹಲಗೆಯದು, ಹಾಗಿದ್ದರೆ ಮನೆಯೊಕ್ಕಲಿಗೆ ಬರುತ್ತೇನೆ, ತುಂಡು ಜೋಡಿಸಿದ ಬಾಗಿಲು ದಾಟುವವನಲ್ಲ.

ಅಪ್ಪ ದೊಡ್ಡ ಹಲಸು ಕಡಿಸಿ ಅಗಲದ ಹಲಗೆ ಕೊಯ್ಯಿಸಿದ. ಬಿಸಿಲಿಗೆ ಅದು ಉದ್ದಕ್ಕೂ ಸೀಳಿಬಿಟ್ಟಿತು. ಇನ್ನೊಂದು ಮರ ಕೊಯ್ದು ಒಣಗಿಸುವಷ್ಟರಲ್ಲಿ ಮಳೆ ಹಿಡಿಯುತ್ತದೆ.

“ಭಾವಂಗೆ ಇದ್ದದ್ದು ಹೇಳಿಬಿಡಿ” ಎಂದಳು ಅವ್ವ.

“ಹೇಳಿರೆ ಅಂವ ಬರುದಿಲ್ಲೆ” ಎಂದ ಅಪ್ಪ.

ಉಳಿಯ ಕೆಲಸ ಅವನಿಗೆ ಒಗ್ಗಿತ್ತು. ಸೀಳಿನ ಎರಡೂ ಅಂಚುಗಳನ್ನು ಹತ್ತರಿ ಹೊಡೆದು ನೇರ ಮಾಡಿ, ಒಂದೊಂದರ ದಪ್ಪದ ನಡುವೆಯೂ ಉದ್ದಕ್ಕೆ ಸಣ್ಣ ಕಾಲುವೆ ಕೊರೆದ. ತೆಳ್ಳನೆಯ ಪಟ್ಟಿಯೊಂದನ್ನು ಅರ್ಧ ಇದಕ್ಕೆ, ಅರ್ಧ ಅದಕ್ಕೆ ಕೂರಿಸಿ, ಅಂಟು ಬಳಿದು, ಹಗ್ಗ ಬಿಗಿದ. ಪಟ್ಟಿ ಒಳಗೇ ಅಡಗಿತು. ಮರದ ಗೆರೆಗಳು ಕೂಡಿಕೊಂಡವು. ಮೇಲಿನ ತುದಿ ಮುಟ್ಟುವ ಮೊದಲೇ ಕಾಲುವೆಯನ್ನು ನಿಲ್ಲಿಸಿದ್ದ. ಬುಡದಲ್ಲಿ ಮಾತ್ರ ಕೊನೆಯವರೆಗೂ ಕೊರೆದುಬಿಟ್ಟಿದ್ದರಿಂದ ಪಟ್ಟಿಯ ತುದಿ ಅಲ್ಲಿ ಕಾಣುತ್ತಿತ್ತು. ಬಾಗಿಲು ನಿಂತ ಮೇಲೆ ಹೊಸ್ತಿಲ ಕಡೆಯ ಅಂಚನ್ನು ಬಗ್ಗಿ ನೋಡುವವರು ಯಾರು?

ಒಕ್ಕಲಿನ ಬೆಳಿಗ್ಗೆ ದೊಡ್ಡಪ್ಪನ ಆಳು ಓಡಿಬಂದ. “ಬಾಗಿಲು ಏರಿಸ್ಬೇಡಿ ಅಂದ್ರು. ಅದು ಹಿರಿಯರ ಕೆಲಸವಂತೆ. ಅವರೇ ಬರ್ತಾರಂತೆ.”

ಅಪ್ಪನ ಮುಖ ಅರಳಿದ್ದು, ಮರುಕ್ಷಣ ಬಿಳಿಚಿದ್ದು ಎರಡೂ ನನಗೆ ಕಾಣುತ್ತಿವೆ. ಬಿಸಿ ಮರವಜ್ರಕ್ಕೆ ಮರದ ಹೊಟ್ಟು ಕಲಸಿ ಬುಡದ ಅಂಚಿಗೆ ಮೆತ್ತಿದ. ಅದು ಆರುವ ಮೊದಲೇ ದೊಡ್ಡಪ್ಪ ಅಂಗಳಕ್ಕೆ ಬಂದಾಗಿತ್ತು.

“ಪಾಲಾದ ಮೇಲೆ ನಿಂಗೆ ಹೊಟ್ಟೆ ಬಂದುಟ್ಟು!” ಎಂದರು. ನೆರೆದವರೆಲ್ಲ ನಕ್ಕರು. ಅಪ್ಪನಿಗೆ ನಗು ಬರಲಿಲ್ಲ.

“ಅಣ್ಣ, ನೀ ತಲೆ ಕಡೆ ಹಿಡಿ. ಬುಡ ಭಾರ ಉಟ್ಟು.”

“ಭಾರ ಹಿರಿಯಂವಂಗೆ” ಎಂದು ದೊಡ್ಡಪ್ಪ ಬಗ್ಗಿ, ಬುಡದಡಿಗೆ ಎರಡೂ ಕೈ ತೂರಿಸಿದರು. ಬೆರಳು ಅಲ್ಲೇ ಅತ್ತಿತ್ತ ಆಡಿತು. ತಲೆಯೆತ್ತಿ ತಮ್ಮನನ್ನು ನೋಡಿದರು.

“ಎಂತ ಅಣ್ಣ?” ಎಂದ ಅಪ್ಪ.

“ಎಂತ ಇಲ್ಲೆ. ಎತ್ತು.”

ಬಾಗಿಲು ಚೌಕಟ್ಟಿಗೆ ಕೂತಿತು. ದೊಡ್ಡಪ್ಪ ಬಲಗಾಲಿಟ್ಟು ಒಳಗೆ ಬಂದರು. ಊಟಕ್ಕೆ ಕೂರುವ ಮುಂಚೆ ನೋಡಿದರೆ ಅವರ ಬೆರಳುಗಳಿಗೆ ಹಳದಿ ಅಂಟು ಹತ್ತಿತ್ತು. ಹಲಸಿನ ಮೇಣವೆಂದುಕೊಂಡು ಅವ್ವ ತೆಂಗಿನೆಣ್ಣೆ ತಂದಳು. “ಎಣ್ಣೆ ಬೇಡ, ಬಿಸಿನೀರು ಕೊಡು” ಎಂದರು.

ಮೇಣ ಬಿಡುವುದು ಎಣ್ಣೆಗೆ, ಮರವಜ್ರ ಬಿಡುವುದು ಬಿಸಿನೀರಿಗೆ. ಅಂದರೆ ಅವರಿಗೆ ಗೊತ್ತಾಗಿತ್ತು. ಓದುವ ದಿನಗಳಲ್ಲಿ ಇದನ್ನು ಅವ್ವನ ಮುಂದೆ ಇಟ್ಟೆ. “ಎಣ್ಣೆಯೇ ಹಚ್ಚಿಕೊಂಡದ್ದು. ಬರುವ ದಾರಿಯಲ್ಲಿ ಹಣ್ಣು ತಿಂದಿದ್ದರು” ಎಂದುಬಿಟ್ಟಳು. ಅವಳು ಅಲ್ಲೇ ನಿಂತಿದ್ದವಳು. ನಾನು ಆಗ ಎಷ್ಟರವನು? ಅಣ್ಣತಮ್ಮಂದಿರು ಬದುಕಿರುವವರೆಗೆ ಆ ಬಾಗಿಲಿನ ಮಾತೆತ್ತಿದ್ದನ್ನು ನಾನಂತೂ ಕೇಳಲಿಲ್ಲ.

ಈಗ ಆ ಮನೆಯೂ ಇಲ್ಲ, ಕೇಳಲು ಯಾರೂ ಇಲ್ಲ. ಗೋಲಿಯಾಡುತ್ತಿದ್ದ ದೊಡ್ಡಪ್ಪನ ಮಗನೂ ನಾನೂ ಬೇಲಿಯ ವಿಷಯಕ್ಕೆ ಮಾತು ಬಿಟ್ಟು ವರ್ಷಗಳಾದವು. ಒಬ್ಬರ ತಪ್ಪು ಇನ್ನೊಬ್ಬರ ಕಣ್ಣಿಗೆ ಬಿದ್ದರೆ ಮಾತ್ರ ಅಂಗಳದಲ್ಲೇ ನಿಂತು ಕೂಗುತ್ತೇವೆ, ದೊಡ್ಡಪ್ಪನ ಹಾಗೆ ಬಾಗಿಲು ದಾಟದೆ ಹಿಂದಿರುಗುತ್ತೇವೆ. ಒಳಗೆ ಊಟಕ್ಕೆ ಎಲೆ ಹಾಕಿಯೇ ಇರುತ್ತದೆ.